ನಾಯಿಗೆ ಗೊತ್ತಿಲ್ಲದ ಯುದ್ಧ

2023ರ ಸೆಪ್ಟೆಂಬರಿನಲ್ಲಿ ಜಮ್ಮುವಿನ ರಜೌರಿ ಜಿಲ್ಲೆಯಲ್ಲಿ ಕೆಂಟ್ ಎಂಬ ಲ್ಯಾಬ್ರಡಾರ್ ಹೆಣ್ಣುನಾಯಿ ಉಗ್ರರ ಗುಂಡಿಗೆ ಸತ್ತಿತು. ಅದಕ್ಕೆ ಆರು ವರ್ಷ. ತನ್ನ ಸೈನಿಕನನ್ನು ಉಳಿಸಲು ಹೋಗಿ ಪ್ರಾಣ ಬಿಟ್ಟಿತೆಂದು ಸೇನೆ ಹೇಳಿತು. ಅದರ ಹಿಂದಿನ ವರ್ಷ ಅನಂತನಾಗ್ ಜಿಲ್ಲೆಯಲ್ಲಿ ಜೂಮ್ ಎಂಬ ನಾಯಿ ಎರಡು ಗುಂಡು ತಗುಲಿದ ಮೇಲೂ ಹೋರಾಡಿ, ಶ್ರೀನಗರದ ಆಸ್ಪತ್ರೆಯಲ್ಲಿ ತೀರಿಕೊಂಡಿತು. ಎರಡಕ್ಕೂ ಸೇನೆ ಗೌರವದಿಂದ ವಿದಾಯ ಹೇಳಿತು. ಬಲಿದಾನ, ಹುತಾತ್ಮ ಎಂಬ ಮಾತುಗಳು ಕೇಳಿಬಂದವು.

ಆ ಮಾತುಗಳನ್ನು ಆಡಲು ನನ್ನ ನಾಲಿಗೆ ಯಾಕೋ ತಡವರಿಸುತ್ತದೆ. ತ್ಯಾಗ ಮಾಡುವವನಿಗೆ ತಾನು ಬಿಡುವುದೇನು, ಯಾತಕ್ಕಾಗಿ ಎಂಬುದು ಗೊತ್ತಿರಬೇಕಲ್ಲವೆ? ಸೈನಿಕ ಪ್ರಮಾಣ ಮಾಡಿ ಸೇರುತ್ತಾನೆ. ಸಂಬಳ, ಪಿಂಚಣಿ, ಊರವರ ಹೆಮ್ಮೆ, ಮನೆಯವರ ದಿಗಿಲು ಎಲ್ಲ ಅವನಿಗೆ ತಿಳಿದಿದೆ. ನಾಯಿಗೆ ಗಡಿಯೆಂದರೇನು ಗೊತ್ತು? ಸಿಡಿಮದ್ದು ಹುಡುಕುವ ನಾಯಿಯನ್ನು ತಯಾರು ಮಾಡುವುದೇ ಆಟದ ಆಸೆಯಿಂದ. ಮದ್ದಿನ ವಾಸನೆ ಬಂದ ಕಡೆ ಸುಮ್ಮನೆ ಕೂತರೆ ಚೆಂಡು ಸಿಗುತ್ತದೆ, ತಲೆ ಸವರುವ ಕೈ ಸಿಗುತ್ತದೆ. ಅದು ಹುಡುಕುತ್ತಿರುವುದು ಆ ಚೆಂಡನ್ನು. ಹಿಂದೆ ಹಗ್ಗ ಹಿಡಿದು ಬರುವವನಿಗೆ ಮಾತ್ರ ನೆಲದಡಿ ಏನಿರಬಹುದೆಂದು ಗೊತ್ತು.

ಹಾಗಾದರೆ ಅವನ ಪ್ರೀತಿ ಬರೀ ವೇಷವೆ? ಖಂಡಿತ ಅಲ್ಲ. ಅನ್ನ ಹಾಕುವವನು ಅವನು, ಮೈ ತೊಳೆಯುವವನು ಅವನು. ಅದರ ಮೂಗನ್ನು ನಂಬಿ ಹೆಜ್ಜೆ ಇಡುವವನೂ ಅವನೇ. ಅಷ್ಟು ಹತ್ತಿರ ಇಬ್ಬರು ಮನುಷ್ಯರೂ ಇರಲಾರರು. ಆದರೂ ಆ ಪ್ರೀತಿಯಿಂದ ಕೆಲಸವಾಗಬೇಕಾಗಿದೆ ಎಂಬುದು ನಿಜ. ನಮ್ಮ ರೈತ ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಾನೆ, ಮರುದಿನ ನೇಗಿಲಿಗೂ ಕಟ್ಟುತ್ತಾನೆ. ಅದರಲ್ಲಿ ನನಗೆ ಮೋಸ ಕಾಣುವುದಿಲ್ಲ. ಎತ್ತು ಮುದಿಯಾದ ದಿನ ಅವನೇನು ಮಾಡುತ್ತಾನೆ ಎಂಬಲ್ಲಿ ಪ್ರಶ್ನೆ ಏಳುತ್ತದೆ.

ಆ ಪ್ರಶ್ನೆಗೆ ನಮ್ಮ ದೇಶದ ಉತ್ತರ ಬಹುಕಾಲ ಚೆನ್ನಾಗಿರಲಿಲ್ಲ. ಕೆಲಸಕ್ಕೆ ಬಾರದಾದ ನಾಯಿಗಳನ್ನು ಸೇನೆ ದಯಾಮರಣಕ್ಕೆ ಒಪ್ಪಿಸುತ್ತಿದೆಯೆಂದು 2015ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಬಂದ ಉತ್ತರದಿಂದ ಹೊರಬಿತ್ತು. ಜನ ಸಿಟ್ಟಾದರು, ನ್ಯಾಯಾಲಯದ ತನಕ ಹೋದರು, ಪದ್ಧತಿ ಬದಲಾಯಿತು. ಈಗ ಮೀರತ್ತಿನಲ್ಲಿ ನಿವೃತ್ತ ನಾಯಿಗಳಿಗೆ ನೆಲೆಯಿದೆ, ಸಾಕಲು ಕೊಡುವುದೂ ಉಂಟು. ಅಮೆರಿಕದವರೂ ಸಾಚಾಗಳಲ್ಲ. ವಿಯೆಟ್ನಾಮಿಗೆ ಕರೆದೊಯ್ದ ನಾಯಿಗಳನ್ನು ಸಾಮಾನಿನ ಲೆಕ್ಕಕ್ಕೆ ಸೇರಿಸಿ, ಬಹುಪಾಲನ್ನು ಅಲ್ಲೇ ಬಿಟ್ಟು ಬಂದರು. ಸೇನಾನಾಯಿಗಳನ್ನು ದತ್ತು ಕೊಡಲು ಅಲ್ಲಿ ಕಾನೂನು ಬಂದದ್ದು 2000ದಲ್ಲಿ. ನಮ್ಮ ಮುಧೋಳದ ನಾಯಿಗಳು 2016ರಲ್ಲಿ ಸೇನೆಯ ತರಬೇತಿಗೆ ಮೀರತ್ತಿಗೆ ಹೋದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವು ಮುದಿಯಾದಾಗ ಎಲ್ಲಿರುತ್ತವೆಂದು ಕೇಳಿದವರು ಎಷ್ಟು ಮಂದಿ?

ಹುತಾತ್ಮ ಎಂದು ಕರೆದುಬಿಡುವುದರಲ್ಲಿ ಒಂದು ಅನುಕೂಲವಿದೆ. ಅದೇ ಕೊಟ್ಟಿತು ಎಂದರೆ ನಮ್ಮ ಲೆಕ್ಕ ಚುಕ್ತಾ. ಅದರಿಂದ ನಾವು ಕಿತ್ತುಕೊಂಡೆವು ಎಂದರೆ ಸಾಲ ಉಳಿಯುತ್ತದೆ.

ಇಂಥ ಮಾತು ಬಂದಾಗ ಧರ್ಮರಾಯನ ನಾಯಿಯನ್ನು ನೆನೆಯುವವರಿದ್ದಾರೆ. ಅದು ಸ್ವತಃ ಧರ್ಮದೇವತೆ. ಎಲ್ಲವೂ ಗೊತ್ತಿದ್ದೇ ಬಂದದ್ದು. ಅದನ್ನು ಸ್ವರ್ಗದ ಬಾಗಿಲಲ್ಲೇ ಬಿಡೋಣ. ನನಗೆ ನೆನಪಾಗುವುದು ಮದ್ದೂರು ತಾಲೂಕಿನ ಆತಕೂರಿನ ಶಾಸನ. ಕ್ರಿ.ಶ. 950ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಕಡೆ ಕಾದಿದ ಮಣಲೆರ ಎಂಬ ವೀರನಿಗೆ, ಮೆಚ್ಚಿದೆ, ಬೇಡಿಕೋ ಎಂದು ಅರಸ ಹೇಳಿದ. ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಅದೇನು ಯುದ್ಧವಲ್ಲ, ಬೇಟೆ. ಮಣಲೆರ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಗುಡಿಯ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದು ಬರೆಸಿದ.

ಹಾಡಿ ಹೊಗಳಿ ಸುಮ್ಮನಾಗದೆ, ದಿನದ ಊಟಕ್ಕೆ ಮೊದಲು ನೆನೆಯಬೇಕೆಂದು ಕಟ್ಟುಮಾಡಿದ ಆ ಯೋಧನ ಮೇಲೆ ನನಗೆ ಬಹಳ ಗೌರವ. ಕಾಳಿ ಮಾಡಿದ ಪಾಪ ಯಾವುದಿರಬಹುದು ಎಂದು ಮಾತ್ರ ಎಷ್ಟು ಯೋಚಿಸಿದರೂ ನನಗೆ ಹೊಳೆದಿಲ್ಲ.