ಕ್ಯಾಮೆರಾಕ್ಕೆ ತುದಿ ಕಾಣೋದಿಲ್ಲ

ಮಾನ್ವಿಯ ಕಾಲುವೆ ಬಯಲಲ್ಲಿ ವರ್ಷಾನುಗಟ್ಟಲೆ ಬಗ್ಗಿ ಭತ್ತ ನಾಟಿ ಮಾಡಿದವರಿಗೆ, ದೇವದುರ್ಗದ ಕಡೆ ಹತ್ತಿ ಬಿಡಿಸಿದವರಿಗೆ ಮೊಣಕಾಲು ನೋವು ಹೊಸದಲ್ಲ. ಕೀಲು ಬದಲಿಸಬೇಕಾಗಿ ಬಂದಾಗ ರಾಯಚೂರಿಗೋ ಹೈದರಾಬಾದಿಗೋ ಹೋಗ್ತಾರೆ. ಅಲ್ಲಿ ಯಾರೋ ಹೇಳ್ತಾರೆ: 'ಕಂಪ್ಯೂಟರ್ ಆಪರೇಷನ್ನು, ತಪ್ಪೋ ಮಾತೇ ಇಲ್ಲ.'

ಕತ್ತರಿಸೋದು ಡಾಕ್ಟರ ಕೈಯೇ. 1997ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಮೊಣಕಾಲಿಗೆ ಮೊದಲು ಬಳಸಿದ ಈ ನ್ಯಾವಿಗೇಷನ್ ಬರೀ ದಾರಿ ತೋರಿಸುತ್ತೆ. ಈಗಿನ ಹಲವು ಯಂತ್ರಗಳಲ್ಲಿ ಉಪಕರಣದ ಹಿಡಿಕೆಗೂ ರೋಗಿಯ ಎಲುಬಿಗೂ ಹೊಳೆಯುವ ಪುಟ್ಟ ಗುಂಡುಗಳನ್ನು ಕೂರಿಸಿರುತ್ತಾರೆ. ಇನ್‌ಫ್ರಾರೆಡ್ ಕ್ಯಾಮೆರಾಕ್ಕೆ ಕಾಣೋದು ಅವಷ್ಟೇ. ತುದಿ ಎಲ್ಲಿದೆ ಅನ್ನೋದು ಲೆಕ್ಕ: ಗುಂಡಿನಿಂದ ತುದಿಗೆ ಇಷ್ಟು ದೂರ ಅಂತ ಮೊದಲೇ ಅಳೆದಿಟ್ಟಿರುತ್ತಾರೆ. ಯಾರಾದರೂ ಅಡ್ಡ ನಿಂತರೆ ಪರದೆಯ ಅಂಕಿ ಮಾಯ. ಅದೇನೂ ಭಯ ಇಲ್ಲ, ಕಣ್ಣಿಗೆ ಬೀಳುತ್ತಲ್ಲ. ತುದಿ ಕೊಂಚ ಬಾಗಿದ್ದರೆ, ಎಲುಬಿನ ಗುರುತು ಅಲುಗಿದ್ದರೆ? ಅಂಕಿ ಅಷ್ಟೇ ಠೀವಿಯಿಂದ ಕೂತಿರುತ್ತೆ.

ಆಗ ತಪ್ಪು ಯಾರದು? ಯಂತ್ರದ್ದು ಅನ್ನೋದು ಸುಲಭ. ನಾವೂ ಆಫೀಸಲ್ಲಿ 'ಸಿಸ್ಟಮ್ ಹಾಗೆ ತೋರಿಸ್ತು' ಅಂತೀವಲ್ಲ, ಥೇಟ್ ಹಾಗೆ. ನಾನಿದನ್ನು ಒಪ್ಪೋದಿಲ್ಲ. ಗೊತ್ತಿರುವ ಜಾಗಕ್ಕೆ ತುದಿ ಮುಟ್ಟಿಸಿ ತಾಳೆ ನೋಡುವ ಕ್ರಮ ಇದೆ; ಅದನ್ನು ಮಾಡೋರೂ ಬಿಡೋರೂ ಮನುಷ್ಯರೇ. ನ್ಯಾವಿಗೇಷನ್‌ನಿಂದ ಕೀಲು ಕೂರುವ ಕೋನ ಸುಧಾರಿಸುತ್ತೆ, ನಿಜ. ಅದರಿಂದ ರೋಗಿ ಹೆಚ್ಚು ಚೆನ್ನಾಗಿ ನಡೀತಾರಾ ಅನ್ನೋದು ವೈದ್ಯರಲ್ಲೇ ಇನ್ನೂ ಚರ್ಚೆಯಲ್ಲಿದೆ.

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಅವ್ವನಿಗೆ ಇಷ್ಟನ್ನೂ ಅವಳ ಮಾತಲ್ಲೇ ಹೇಳಬಹುದು. 'ಮಶೀನ್ ತಪ್ಪಿದ್ರ ಯಾರನ್ನ ಕೇಳಬೇಕ್ರೀ ಸಾಹೇಬ್ರ?' ಅಂತ ಅವಳು ಕೇಳಿದರೆ, ಉತ್ತರ ಹೆಬ್ಬೆಟ್ಟಿಗಿಂತ ಮೊದಲು ಸಿಗಬೇಕು.