ಕಾಲು ಮೈಲಿಗಾಗಿ ಮುನ್ನೂರು ಕಿಲೋಮೀಟರ್



ಡ್ರ್ಯಾಗ್ ರೇಸ್ ಎಂದರೆ ನೆಟ್ಟನೆಯ ಹಾದಿಯಲ್ಲಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ಓಟ. ಹತ್ತು ಹದಿನೈದು ಸೆಕೆಂಡುಗಳಲ್ಲಿ ಮುಗಿದೇ ಹೋಗುತ್ತದೆ. ಅಷ್ಟಕ್ಕಾಗಿ ಜಯನಗರದ ಹವ್ಯಾಸಿ ಯುವಕನೊಬ್ಬ ಶ್ರೀಪೆರಂಬುದೂರು ಬಳಿಯ ಇರುಂಗಾಟ್ಟುಕೋಟೈ ಪಥಕ್ಕೆ ಸುಮಾರು 300 ಕಿಲೋಮೀಟರ್ ಹೋಗಬೇಕು. ಲೋನಾವಳ ಬಳಿಯ ಆಂಬಿ ವ್ಯಾಲಿ ವಿಮಾನಪಟ್ಟಿಯ ಸ್ಪರ್ಧೆಗೆಂದರೆ 800ಕ್ಕೂ ಹೆಚ್ಚು. ಹಣ, ನಿದ್ದೆ, ರಜೆ ಎಲ್ಲವನ್ನೂ ತೆರಬೇಕು.

ಅವನನ್ನು ಹಳಿಯಬೇಡಿ. ರಾತ್ರಿ ಹೊರವರ್ತುಲ ರಸ್ತೆಯಲ್ಲಿ ಪರರ ಪ್ರಾಣದೊಡನೆ ಆಟವಾಡುವವರಿಗಿಂತ ಇವನು ಮೇಲು. ಸಂತ ಪೌಲರೂ ಕೊರಿಂಥದವರಿಗೆ ಪಂದ್ಯದ ಓಟಗಾರರನ್ನೇ ಮಾದರಿಯಾಗಿ ತೋರಿಸಿದರು. ಆ ಊರಿನ ಬಳಿಯ ಪಂದ್ಯಗಳಲ್ಲಿ ಗೆದ್ದವನಿಗೆ ದೊರೆಯುತ್ತಿದ್ದುದು ಬಾಡಿಹೋಗುವ ಎಲೆಗಳ ಕಿರೀಟ.

ಆದರೆ ನಾವು? ಅಣ್ಣ ಬನಶಂಕರಿಯಲ್ಲಿ, ತಮ್ಮ ಜೆ.ಪಿ. ನಗರದಲ್ಲಿ. ನಡುವೆ ಕೆಲವೇ ಕಿಲೋಮೀಟರ್. ಆಸ್ತಿ ಪಾಲಾದ ದಿನದಿಂದ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿದಿಲ್ಲ. ಇಬ್ಬರೂ ಪ್ರತಿ ಭಾನುವಾರ ಪೂಜೆಗೆ ಮಾತ್ರ ತಪ್ಪಿಸುವುದಿಲ್ಲ! ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಸಹೋದರನ ಬಳಿಗೆ ಹೋಗಬೇಕೆಂದು ಪ್ರಭು ಯೇಸು ಕಲಿಸಿದ್ದು ಇಂಥವರಿಗಾಗಿಯೇ.

ಮುಂದಿನ ಭಾನುವಾರ ಪೂಜೆಗೆ ಬರುವ ಮುನ್ನ ಆ ಬಾಗಿಲನ್ನು ತಟ್ಟಿರಿ. ದಾರಿ ಚಿಕ್ಕದು, ಅದರ ಕಿರೀಟ ಬಾಡುವಂಥದ್ದಲ್ಲ.