ನಿಕ್ಷೇಪವನ್ನು ದಾನ ಮಾಡಬಹುದೇ?

ದಾನಕ್ಕೆ ನಮ್ಮ ಶಾಸ್ತ್ರಗಳು ಇಟ್ಟ ಮೊದಲ ಷರತ್ತು ಒಡೆತನ. ವಿಶ್ವಜಿತ್ ಯಾಗದಲ್ಲಿ ಯಜಮಾನ ಸರ್ವಸ್ವವನ್ನೂ ಕೊಡಬೇಕು. ಹಾಗಾದರೆ ತಂದೆತಾಯಿಯನ್ನೂ ಕೊಡಬೇಕೇ ಎಂಬ ಪ್ರಶ್ನೆ ಮೀಮಾಂಸಕರಿಗೆ ಎದುರಾಯಿತು. ಹೆತ್ತವರು ತನ್ನವರು ನಿಜ, ತನ್ನ ಸ್ವತ್ತಲ್ಲ, ಆದ್ದರಿಂದ ಕೊಡುವಂತಿಲ್ಲ ಎಂದು ತೀರ್ಮಾನವಾಯಿತು. ನಾರದಸ್ಮೃತಿ ಇನ್ನೂ ಮುಂದೆ ಹೋಗಿ, ಕೊಡಬಾರದವುಗಳಲ್ಲಿ ನಿಕ್ಷೇಪವನ್ನೂ ಸೇರಿಸುತ್ತದೆ. ನಿಕ್ಷೇಪವೆಂದರೆ ಒಬ್ಬರು ನಮ್ಮನ್ನು ನಂಬಿ ಇರಿಸಿಹೋದ ಒಡವೆ. ಅಂತರ್ಜಾಲದಲ್ಲಿ ನಾವು ಖಾಸಗಿತನವನ್ನು ಬಿಟ್ಟುಕೊಡುವಾಗ ಅದು ನಮ್ಮದಷ್ಟೇ ಎಂದುಕೊಂಡಿದ್ದೇವೆ. ತಪ್ಪಿರುವುದು ಅಲ್ಲೇ.

ಹೊಸ ಆ್ಯಪ್ ಹಾಕಿಕೊಂಡ ಕೂಡಲೇ ಪರದೆಯ ಮೇಲೊಂದು ಪುಟ್ಟ ಚೌಕ ಮೂಡಿ, ನಿಮ್ಮ ಕಾಂಟ್ಯಾಕ್ಟ್‌ಗಳನ್ನು ನೋಡಬಹುದೇ ಎಂದು ಕೇಳುತ್ತದೆ. ಬೆರಳು ತಡೆಯದೆ ಒಪ್ಪಿಗೆ ಒತ್ತುತ್ತದೆ. ಆ ಪಟ್ಟಿಯಲ್ಲಿ ಹಾಲಿನವರಿದ್ದಾರೆ, ಸೋದರತ್ತೆಯಿದ್ದಾರೆ, ಹೊಡೆಯುವ ಗಂಡನಿಂದ ದೂರವಾಗಿ ನಂಬರ್ ಬದಲಿಸಿಕೊಂಡ ಗೆಳತಿಯೂ ಇರಬಹುದು. ನಂಬಿ ಕೊಟ್ಟ ಅವರ ನಂಬರೂ ನಮ್ಮಲ್ಲಿರುವ ನಿಕ್ಷೇಪವೇ, ಆದರೆ ಅವರಾರನ್ನೂ ಯಾರೂ ಕೇಳಲಿಲ್ಲ. ಫೇಸ್‌ಬುಕ್ ಬಳಕೆದಾರರ ಮಾಹಿತಿ ಒಂದು ಆ್ಯಪ್ ಮೂಲಕ ಕೇಂಬ್ರಿಡ್ಜ್ ಅನಲಿಟಿಕಾ ಎಂಬ ಕಂಪನಿಯ ಕೈಸೇರಿದ ಹಗರಣ 2018ರಲ್ಲಿ ಬಯಲಾದಾಗ ಫೇಸ್‌ಬುಕ್ಕೇ ಕೊಟ್ಟ ಲೆಕ್ಕ ನೋಡಿ: ಭಾರತದಲ್ಲಿ ಆ ಆ್ಯಪನ್ನು ಹಾಕಿಕೊಂಡವರು 335 ಮಂದಿ, ಅವರ ಸ್ನೇಹಿತರ ಪಟ್ಟಿಯ ಮೂಲಕ ಮಾಹಿತಿ ಕೈತಪ್ಪಿರಬಹುದಾದವರು ಸುಮಾರು 5.62 ಲಕ್ಷ. ಒಪ್ಪಿದವರು ಒಂದು ಮದುವೆಮನೆಯ ಊಟದ ಪಂಕ್ತಿಯಷ್ಟು, ತೆತ್ತವರು ಒಂದು ನಗರದಷ್ಟು.

ಮುಚ್ಚಿಡುವಂಥದ್ದು ನನ್ನಲ್ಲೇನೂ ಇಲ್ಲ ಎನ್ನುವವರು ತಮ್ಮ ಪರವಾಗಿ ಮಾತ್ರ ಹಾಗೆನ್ನಬಲ್ಲರು. ಆ ಗೆಳತಿಯ ಪರವಾಗಿ ಅಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಒಡವೆ ಕೊಟ್ಟರೆ ಕೈಬಿಡುತ್ತದೆ, ನಂಬರ್ ಕೊಟ್ಟರೆ ನಮ್ಮಲ್ಲೇ ಉಳಿಯುತ್ತದೆ, ಹಾಗಿರುವಾಗ ಯಾರಿಗೇನು ನಷ್ಟ? ನಷ್ಟ ಹೆಚ್ಚೇ ಆಗುತ್ತದೆ ಎನ್ನುತ್ತೇನೆ. ಕಳೆದ ಒಡವೆಯನ್ನು ಹುಡುಕಿ ತರಬಹುದು, ಅದು ಎಲ್ಲಿದ್ದರೂ ಒಂದೇ ಕಡೆ ಇರುತ್ತದೆ. ಹೊರಬಿದ್ದ ಮಾಹಿತಿಗೆ ಎಷ್ಟು ನಕಲು, ಯಾರ ಬಳಿ, ಯಾರೂ ಹೇಳಲಾರರು. ಕಾನೂನು ಕಾಯುತ್ತದೆ ಎಂದು ಕೂರುವುದೂ ಸಾಲದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದರು. ಆದರೆ 2023ರ ದತ್ತಾಂಶ ರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬ ಸ್ವಂತ ಅಥವಾ ಮನೆಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಅನ್ವಯಿಸುವುದಿಲ್ಲ. ನಿಮ್ಮ ಫೋನಿನ ಆ ಪಟ್ಟಿಗೆ ನೀವೇ ಕಾವಲು. ಕೇಳಿದಾಗ ಬೇಡವೆನ್ನಿ; ಕೊಟ್ಟಾಗಿದ್ದರೆ ಇವತ್ತೇ ಸೆಟ್ಟಿಂಗ್ಸ್ ತೆರೆದು ಆ ಅನುಮತಿಯನ್ನು ಹಿಂತೆಗೆದುಕೊಳ್ಳಿ.